ಹದಿನಾರು ಫಾರಮ್ಮಿನ ಕಾದಂಬರಿ

ಕನ್ನಡದಲ್ಲಿ ಕಾದಂಬರಿ ಬರೆಯಬೇಕೆಂದರೆ ಡೊಂಬಿವಲಿಯಂಥ ಊರು ಇನ್ನೊಂದಿಲ್ಲ. ಏನು ಬರೆಯುತ್ತಿದ್ದೀರಿ ಅಂತ ಇಣುಕಿ ನೋಡಿದವರಿಗೂ ಇಲ್ಲಿ ಓದಲು ಬರುವುದಿಲ್ಲ. ಬೆಳಗಿನ ಲೋಕಲ್ಲಿನಲ್ಲಿ ಸೀಟು ಸಿಕ್ಕ ದಿನ ನಾನು ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು ಬರೆಯುತ್ತಿದ್ದೆ. ಪಕ್ಕದಲ್ಲಿ ಬಟಾಣಿ ಸುಲಿಯುತ್ತ ಕೂಡುತ್ತಿದ್ದ ಹೆಂಗಸು ನಾಲ್ಕು ದಿನ ಸುಮ್ಮನೆ ನೋಡಿ ಐದನೆಯ ದಿನ ಮರಾಠಿಯಲ್ಲಿ ಕೇಳಿದಳು, "ಎಷ್ಟು ಲಕ್ಷ ಆಯಿತು?" ನಾನು ರಾಮನಾಮ ಬರೆಯುತ್ತಿದ್ದೇನೆ ಅಂತ ಅವಳ ಎಣಿಕೆ. "ಇನ್ನೂ ಬಹಳ ಇದೆ" ಅಂದೆ. ಸುಳ್ಳೇನೂ ಆಗಿರಲಿಲ್ಲ.

ಹಾಗೆ 2003ರಿಂದ 2006ರ ತನಕ, ಆಗಿನ ಸಿಎಸ್‌ಟಿಗೆ ಹೋಗುತ್ತ ಬರುತ್ತ, ರವಿವಾರ ಅಡಿಗೆಮನೆಯಲ್ಲಿ ಕೂತು, ಒಂಬತ್ತು ನೋಟುಬುಕ್ಕು ತುಂಬಿಸಿದೆ. ಕಾದಂಬರಿಯ ಹೆಸರು ಇಲ್ಲಿ ಬೇಡ, ಜಾಹೀರಾತು ಆದೀತು. ಕಥೆ ಹಾವೇರಿ ತಾಲೂಕಿನ ಒಂದು ಒಕ್ಕಲುತನದ ಮನೆಯದು. 1972ರ ಬರದಲ್ಲಿ ಶುರುವಾಗಿ, ಆ ಮನೆಯ ಮಗಳು ಲಗ್ನವಾಗಿ ಮುಂಬಯಿಗೆ ಬರುವಲ್ಲಿಗೆ ಮುಗಿಯುತ್ತದೆ. ನಾನೂ 1985ರಲ್ಲಿ ಹಾಗೆಯೇ ಬಂದವಳು, ಆದರೆ ಅವಳು ನಾನಲ್ಲ. ನನ್ನ ನೆಂಟರಿಗೆ ಇದನ್ನು ಇವತ್ತಿಗೂ ನಂಬಿಸಲು ಆಗಿಲ್ಲ.

ಬರೆದದ್ದು ಪೂರ್ತಿ ನಮ್ಮ ಮನೆಯ ಮಾತಿನಲ್ಲಿ. ಪಾತ್ರಗಳು ಆಡುವ ಮಾತಷ್ಟೇ ಅಲ್ಲ, ಕಥೆ ಹೇಳುವ ಮಾತೂ ಅದೇ. ಇದರಲ್ಲಿ ಸಾಹಿತ್ಯದ ಸಿದ್ಧಾಂತ ಏನೂ ಇಲ್ಲ. ಬ್ಯಾಂಕಿನಲ್ಲಿ ಹಿಂದಿ, ಮರಾಠಿ, ಇಂಗ್ಲಿಷು. ಬಾಜಾರದಲ್ಲಿ ಮರಾಠಿ. ಕನ್ನಡ ಅಂದರೆ ಮನೆಯಲ್ಲಿ ನಾವಿಬ್ಬರು ಮತ್ತು ಮಗಳು, ಮೂರು ಮಂದಿಯ ರಾಜ್ಯ. ನಾನು ಊರು ಬಿಟ್ಟಾಗ ನಮ್ಮದು ಧಾರವಾಡ ಜಿಲ್ಲೆ. 1997ರಲ್ಲಿ ಹಾವೇರಿಯೇ ಜಿಲ್ಲೆಯಾಯಿತು. ಜಿಲ್ಲೆಯೇ ಬದಲಾದ ಮೇಲೆ ಮಾತು ಬದಲಾಗದೆ ಇದ್ದೀತೆ? ಆದರೆ ನಾನು ಗಂಟು ಕಟ್ಟಿಕೊಂಡು ಬಂದ ಮಾತು ಇಲ್ಲಿ ಖರ್ಚಾಗದೆ ಹಾಗೇ ಉಳಿದಿತ್ತು. ಬರೆಯಲು ಕೂತರೆ ಬರುತ್ತಿದ್ದದ್ದು ಅದೊಂದೇ.

ಹಸ್ತಪ್ರತಿಯನ್ನು ಝೆರಾಕ್ಸ್ ಮಾಡಿಸಿ ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರಿಂದ ಉತ್ತರ ಬರಲಿಲ್ಲ. ಅವರ ಮೇಜಿನ ಮೇಲೆ ಅಂಥವು ಎಷ್ಟಿರುತ್ತವೋ, ನನ್ನ ತಕರಾರಿಲ್ಲ. ಇನ್ನೊಬ್ಬರು ಬೆಂಗಳೂರಿನವರು, ಒಂದು ವರ್ಷದ ಮೇಲೆ ಫೋನ್ ಮಾಡಿದರು. ಬಹಳ ಸೌಜನ್ಯದ ಮನುಷ್ಯ. ಕಥೆ ಹಿಡಿಸಿದೆ ಅಂದರು. "ಆದ್ರೆ ನೋಡಿ ಮೇಡಂ, ಹೊಸಬರ ಮೊದಲ ಕಾದಂಬರಿ ಹೋಗೋದಿಲ್ಲ. ಅಚ್ಚಿನ ಖರ್ಚಲ್ಲಿ ಅರ್ಧ ನೀವು ಹಾಕ್ಬೇಕಾಗುತ್ತೆ, ಮುನ್ನೂರು ಪ್ರತಿ ನೀವೇ ತಗೋಬೇಕಾಗುತ್ತೆ. ಮತ್ತೆ ಭಾಷೆ ಸ್ವಲ್ಪ ತಿಳಿ ಮಾಡೋಣ. ಎಲ್ಲ ಕಡೆಯವರೂ ಓದ್ಬೇಕಲ್ವಾ?" ಮಾದರಿಗೆಂದು ಮೊದಲ ಮೂವತ್ತು ಪುಟ ತಿದ್ದಿಸಿ ಕಳಿಸುತ್ತೇನೆ ಅಂದರು. ಹೇಳಿದಂತೆ ಕಳಿಸಿದರು.

ಆ ಮೂವತ್ತು ಪುಟ ಈಗಲೂ ನನ್ನ ಹತ್ತಿರ ಇವೆ. ತಿದ್ದಿದವರು ಕಸುಬು ಬಲ್ಲವರು, ಕೆಂಪು ಶಾಯಿಯ ಅಕ್ಷರ ಮುತ್ತಿನಂತಿದೆ. 'ಹೋಗ್ಯಾನ' ಇದ್ದಲ್ಲೆಲ್ಲ 'ಹೋಗಿದ್ದಾನೆ'. 'ಬರಾಕತ್ತಾಳ' ಇದ್ದಲ್ಲಿ 'ಬರುತ್ತಿದ್ದಾಳೆ'. 'ಪಡಸಾಲಿ' ಹೋಗಿ 'ಹಜಾರ'. ಇಷ್ಟನ್ನೂ ನುಂಗಿಕೊಂಡೆ. ಹನ್ನೊಂದನೆಯ ಪುಟಕ್ಕೆ ಬಂದು ನಿಂತೆ. ಬರಗಾಲದ ವರ್ಷ 'ಅಜ್ಜ ಹಗೇವು ತಗಸಿದ' ಅಂತ ನಾನು ಬರೆದಿದ್ದೆ. ಅದು 'ಅಜ್ಜ ಹಗೆ ತೀರಿಸಿಕೊಂಡರು' ಅಂತ ಆಗಿತ್ತು.

ಹಗೇವು ಅಂದರೆ ನೆಲದಲ್ಲಿ ತೋಡಿದ ಜೋಳದ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಹೋದಂತೆ ಅಗಲ. ಕಾಳು ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಬರದಲ್ಲಿ ಹಗೇವು ತೆಗೆಸುವುದೆಂದರೆ ಮನೆಯಲ್ಲಿ ಉಳಿದ ಕೊನೆಯ ಕಾಳನ್ನು ಊರಿಗೆಲ್ಲ ತೋರಿಸಿದ ಹಾಗೆ. ನನ್ನ ಕಾದಂಬರಿ ನಿಂತದ್ದೇ ಅದರ ಮೇಲೆ. ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ಹಗೇವನ್ನು ಅಜ್ಜ ಊರ ಮುಂದೆ ತೆಗೆಸಿ ಸೇರಿನಿಂದ ಅಳೆದು ಕೊಡುತ್ತಾನೆ, ಮುಂದೆ ಮನೆಯಲ್ಲಿ ಆಗುವ ಜಗಳವೆಲ್ಲ ಅಲ್ಲಿಂದ ಹುಟ್ಟಿದ್ದು. ತಿದ್ದಿದ ಪ್ರತಿಯ ಪ್ರಕಾರ ಆತ ಹನ್ನೊಂದನೆಯ ಪುಟದಲ್ಲಿ ಯಾರ ಮೇಲೋ ಸೇಡು ತೀರಿಸಿಕೊಂಡು, ಹನ್ನೆರಡನೆಯ ಪುಟದಲ್ಲಿ ಜೋಳ ಹಂಚುತ್ತ ನಿಂತಿದ್ದ.

ಮನೆಮಂದಿಯೆಲ್ಲ ಬಿದ್ದುಬಿದ್ದು ನಕ್ಕೆವು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಆ ಶಬ್ದ ಅವರಿಗೆ ಗೊತ್ತಿರದದ್ದು ಅಪರಾಧವೇನಲ್ಲ, ನನಗೆ ಗೊತ್ತಿಲ್ಲದ ಬೆಂಗಳೂರಿನ ಶಬ್ದ ನೂರಿವೆ. ಆದರೆ ಗೊತ್ತಿಲ್ಲದ ಶಬ್ದ ಕಂಡಾಗ ಒಂದು ಫೋನು ಮಾಡಿ ಕೇಳೋಣ ಅನ್ನಿಸದೆ, ಇದು ಹಳ್ಳಿಯವರ ಕೈತಪ್ಪು ಇರಬೇಕು ಅಂತ ಅನ್ನಿಸಿತಲ್ಲ, ಅದು ಚುಚ್ಚಿತು. ಕಲಬುರ್ಗಿ ಕಡೆಯ ಮಾತಿನಲ್ಲಿ ಬರೆದ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ದೇವನೂರರ 'ಕುಸುಮಬಾಲೆ' ಅದಕ್ಕೂ ಎಷ್ಟೋ ಮೊದಲಿನದು. ಅವರಿಗೆಲ್ಲ ಸಲ್ಲುವುದು ಹೊಸಬಳೊಬ್ಬಳಿಗೆ, ಅದೂ ಡೊಂಬಿವಲಿಯಲ್ಲಿ ಕೂತವಳಿಗೆ, ಸಲ್ಲುವುದಿಲ್ಲ ಅಂತ ಕಾಣುತ್ತದೆ.

ನಮ್ಮವರು ಲೆಕ್ಕದ ಮನುಷ್ಯ. ಮರುದಿನ ಚಹಾ ಕುಡಿಯುವಾಗ ಅಂದರು, "ಅರ್ಧ ರೊಕ್ಕ ನಿಂದು. ಮುನ್ನೂರು ಪ್ರತಿ ಕೊಳ್ಳಾಕಿನೂ ನೀನ. ಮ್ಯಾಲೆ ಮಾತೂ ಅವರು ಹೇಳಿದ್ದು. ಮತ್ತ ಅದರಾಗ ನಿಂದೇನು ಉಳೀತು? ಇನ್ನರ್ಧ ರೊಕ್ಕಾನೂ ಹಾಕಿಬಿಡು, ಪೂರಾ ನಿಂದ ಆಗಲಿ."

ರೊಕ್ಕ ಇತ್ತು. ತಿಂಗಳಿಗೆ 1,500 ರೂಪಾಯಿಯಂತೆ ಮೂರು ವರ್ಷದ ಒಂದು ಆರ್‌ಡಿ ಕಟ್ಟುತ್ತಿದ್ದೆ, ಬಡ್ಡಿ ಸೇರಿ 60 ಸಾವಿರದ ಹತ್ತಿರ ಬರುವಂಥದ್ದು. ಮಗಳಿಗೆ ಎರಡು ಬಳೆ ಮಾಡಿಸಬೇಕೆಂದು ಇಟ್ಟದ್ದು. ಮಗಳಿಗೆ ಆಗ ಇಪ್ಪತ್ತೊಂದು, ಕಮರ್ಷಿಯಲ್ ಆರ್ಟ್ ಕಲಿಯುತ್ತಿದ್ದಳು. ಕೇಳಿದೆ. "ಬಳೆ ಹಾಕ್ಕೊಂಡು ಲೋಕಲ್‌ದಾಗ ಯಾರು ಅಡ್ಡಾಡತಾರವ್ವಾ? ಆದರ ಕವರ್ ನಾನ ಮಾಡಾಕಿ" ಅಂತ ಕರಾರು ಹಾಕಿದಳು. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಧೈರ್ಯಕ್ಕೆ ಇಬ್ಬರು ಹಿರಿಯರಿದ್ದರು. ಗಳಗನಾಥರು ನಮ್ಮ ಹಾವೇರಿ ತಾಲೂಕಿನವರೇ, ಗಳಗನಾಥ ಎಂಬ ಊರಿನವರು, 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡವರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು ಎಂಬ ಮಾತನ್ನು ನಮ್ಮ ಕಡೆ ಸಾಲಿಮಾಸ್ತರರೆಲ್ಲ ಹೇಳುತ್ತಿದ್ದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರೂ ಅವರೇ. ಇನ್ನೊಬ್ಬರು ನಂಜನಗೂಡು ತಿರುಮಲಾಂಬ. 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆಯನ್ನು ತಾವೇ ಶುರು ಮಾಡಿ ತಮ್ಮ 'ಸುಶೀಲೆ' ಕಾದಂಬರಿಯನ್ನು ಅದರಲ್ಲೇ ತಂದರು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿದ್ದ ಹೆಣ್ಣುಮಗಳು, ಆ ಕಾಲದಲ್ಲಿ. ಕನ್ನಡ ಹೆಂಗಸರ ಕಾದಂಬರಿಯ ಚರಿತ್ರೆ ಸ್ವಂತ ಪ್ರಕಾಶನದಿಂದಲೇ ಶುರುವಾಗುತ್ತದೆ ಅಂದಮೇಲೆ, ಕೈಯಲ್ಲಿ ಸಂಬಳ ಇದ್ದ ನನಗೆ ನಾಚಿಕೆ ಯಾತಕ್ಕೆ?

ಹಸ್ತಪ್ರತಿಯನ್ನು ಕಂಪ್ಯೂಟರಿಗೆ ಹಾಕಲು ಎಂಟು ತಿಂಗಳು ಹಿಡಿಯಿತು. ಬರಹ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಅಪ್ಪಟ ಹಾವೇರಿ ಮಾತು ಇಂಗ್ಲಿಷ್ ಕೀಲಿಯ ಬಾಗಿಲಿನಿಂದ ಒಳಗೆ ಬರುವುದನ್ನು ನೋಡಿ ಮೊದಲು ಮುಜುಗರವಾಯಿತು, ಆಮೇಲೆ ರೂಢಿಯಾಯಿತು. ಕರಡು ತಿದ್ದುವವರು ಯಾರು? ಮುಂಬಯಿಯಲ್ಲಿ ಕನ್ನಡ ಪಂಡಿತರಿಗೆ ಕೊರತೆಯಿಲ್ಲ. ಆದರೆ ನನಗೆ ಬೇಕಾದದ್ದು ಪಂಡಿತರಲ್ಲ.

ನಮ್ಮ ಮನೆಗೆ ಪಾತ್ರೆ-ಬಟ್ಟೆಗೆ ಬರುತ್ತಿದ್ದಾಕೆ ಸಿಂದಗಿ ಕಡೆಯವಳು. ಮುಂಬಯಿ-ಪುಣೆಯಲ್ಲಿ ಕಟ್ಟಡ ಕಟ್ಟುವ ಕೆಲಸಕ್ಕೆ ವಿಜಾಪುರ, ಕಲಬುರ್ಗಿ ಜಿಲ್ಲೆಯ ಜನ ಎಷ್ಟಿದ್ದಾರೆ ಅನ್ನುವುದು ಊರಲ್ಲಿ ಕೂತವರಿಗೆ ಅಂದಾಜು ಸಿಗುವುದಿಲ್ಲ. ಇಲ್ಲಿಯ ಸಂಘಗಳ ಸಭೆಗಳಲ್ಲಿ ಅವರು ಕಾಣುವುದೂ ಕಡಿಮೆ. ಆಕೆಯ ಗಂಡ ಸೆಂಟ್ರಿಂಗ್ ಕೆಲಸದವ. ಆಕೆಗೆ ಅಕ್ಷರ ಬಾರದು. ರವಿವಾರ ಕೆಲಸ ಮುಗಿದ ಮೇಲೆ ಚಹಾ ಕೊಟ್ಟು ಕೂಡಿಸಿ ನಾನು ಗಟ್ಟಿಯಾಗಿ ಓದುತ್ತಿದ್ದೆ. ಎಲ್ಲಿ ಮಾತು ಪುಸ್ತಕದ ವಾಸನೆ ಹೊಡೆಯುತ್ತದೋ ಅಲ್ಲಿ ಆಕೆ, "ಹಾಂ?" ಅನ್ನುತ್ತಿದ್ದಳು. ಅಲ್ಲೊಂದು ಗೆರೆ ಎಳೆಯುತ್ತಿದ್ದೆ. ಹಗೇವು ತೆಗೆಯುವ ಪ್ರಕರಣ ಓದಿದಾಗ ಒಂದೂ "ಹಾಂ" ಇಲ್ಲ. "ದೀಪ ಬಿಟ್ಟು ನೋಡಿದ್ರೇನ್ರಿ ಮೊದಲ? ನಮ್ಮ ಓಣ್ಯಾಗ ಒಬ್ಬಾಂವ ಹಂಗ ಇಳದು ಸತ್ತಾನ್ರಿ" ಅಂದಳು. ಮುಂದಿನ ಸಾಲಿನಲ್ಲೇ ದೀಪ ಇತ್ತು. ಓದಿದೆ. ತಲೆ ಹಾಕಿದಳು.

ಹೊಗಳಿಕೆಯೇ ಆಗಿತ್ತು ಅಂದುಕೊಳ್ಳಬೇಡಿ. ನನ್ನ ನಾಯಕಿ ಮುಂಬಯಿಗೆ ಬಂದ ಮೇಲೆ ಕಿಟಕಿಯಲ್ಲಿ ನಿಂತು ಊರು ನೆನೆಯುವ ಪುಟಗಳಿವೆ, ಪತ್ರಿಕೆಯವರು ಮುಂದೆ ಅವನ್ನೇ ಮೆಚ್ಚಿಕೊಂಡರು. ಆಕೆ ಎರಡು ವಾರ ತಡೆದುಕೊಂಡು ಮೂರನೆಯ ವಾರ ಕೇಳಿದಳು, "ಅಕ್ಕಾರ, ಈಕಿಗಿ ಮನ್ಯಾಗ ಕೆಲಸ ಏನೂ ಇಲ್ಲೇನ್ರಿ? ಬರೇ ಕಿಟಕ್ಯಾಗ ನಿಂದರತಾಳ." ಎರಡು ಕಿಟಕಿ ಮುಚ್ಚಿದೆ. ಒಂದನ್ನು ಹಟಕ್ಕೆ ಉಳಿಸಿಕೊಂಡೆ.

ಅಚ್ಚಿಗೆ ಹುಬ್ಬಳ್ಳಿ ಆರಿಸಿದೆ. ಅಲ್ಲಿಯ ಪ್ರೆಸ್ಸಿನವರಿಗೆ ಆ ಮಾತು ಮನೆಮಾತು, ತಿದ್ದಲು ಹೋಗುವುದಿಲ್ಲ ಎಂಬ ಭರವಸೆ. ನಿಜಕ್ಕೂ ಅವರು ಒಂದಕ್ಷರ ಮುಟ್ಟಲಿಲ್ಲ. ತಿದ್ದಿದ್ದು ಕಂಪ್ಯೂಟರು. ನನ್ನ ಫೈಲನ್ನು ಅವರ ಪೇಜ್‌ಮೇಕರ್‌ಗೆ, ಅವರ ಫಾಂಟಿಗೆ ಹಾಕಿದಾಗ ಕೆಲವು ಅರ್ಕಾವತ್ತು ಮಾಯವಾದವು, ಕೆಲವು ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಹೋಗಿ ಜೋತುಬಿದ್ದವು. ಆ ಕಾಲದಲ್ಲಿ ಕನ್ನಡ ಪುಸ್ತಕ ಮಾಡಿಸಿದವರಿಗೆಲ್ಲ ಈ ಪೀಡೆ ಗೊತ್ತು. ಮೂರು ಸಲ ಕರಡು ಕೊರಿಯರ್‌ನಲ್ಲಿ ಬಂತು, ಮೂರು ಸಲ ಹೋಯಿತು.

ಕೊನೆಗೆ ಮಾಲೀಕರ ಫೋನು. "ಮೇಡಂನೋರ, ಇನ್ನೂರ ಐವತ್ತೊಂಬತ್ತು ಪೇಜ್ ಆಗೇತ್ರಿ. ಮೂರು ಪೇಜ್ ಕಡಿಮಿ ಮಾಡ್ರಿ, ಇಲ್ಲಾ ಹದಿಮೂರು ಪೇಜ್ ಜಾಸ್ತಿ ಬರೀರಿ."

ಪುಸ್ತಕ ಪುಟದ ಲೆಕ್ಕದಲ್ಲಿ ಅಚ್ಚಾಗುವುದಿಲ್ಲ, ಫಾರಮ್ಮಿನ ಲೆಕ್ಕದಲ್ಲಿ ಆಗುತ್ತದೆ. ದೊಡ್ಡ ಹಾಳೆಯ ಒಂದೊಂದು ಮೈಗೆ ಎಂಟೆಂಟು ಪುಟ ಅಚ್ಚು ಮಾಡಿ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಹದಿನಾರು ಫಾರಮ್ಮಿಗೆ 256 ಪುಟ. 257ನೆಯ ಪುಟ ಬಂತೆಂದರೆ ಹದಿನೇಳನೆಯ ಫಾರಮ್ಮಿಗೆ ಕೈಹಾಕಬೇಕು, ಅದರ ಕಾಗದ, ಪ್ಲೇಟು, ಮಡಚುವ ಕೂಲಿ ಎಲ್ಲ ಬೇರೆ. ಸಾಹಿತ್ಯದಲ್ಲಿ ಸಂಯಮ ಅನ್ನುವ ಮಾತನ್ನು ವಿಮರ್ಶಕರು ಬಹಳ ಬಳಸುತ್ತಾರೆ. ಅದನ್ನು ನನಗೆ ಕಲಿಸಿದ್ದು ಹುಬ್ಬಳ್ಳಿಯ ಪ್ರೆಸ್ಸು. ಕಾದಂಬರಿಯಲ್ಲಿ ಒಂದು ಸಾಲನ್ನೂ ತೆಗೆಯಲು ಮನಸ್ಸಾಗಲಿಲ್ಲ. ಮುನ್ನುಡಿ ಬರೆಸಿರಲಿಲ್ಲ, ದೊಡ್ಡವರನ್ನು ಕೇಳುವ ಸಲಿಗೆ ಇರಲಿಲ್ಲ. ಉಳಿದದ್ದು 'ಲೇಖಕಿಯ ಮಾತು', ಐದು ಪುಟ. ಹಗೇವಿನ ಕಥೆ, ತಿದ್ದಿದ ಮೂವತ್ತು ಪುಟದ ಕಥೆ, ಸ್ವಂತ ಮಾತನ್ನು ಯಾಕೆ ಬಿಟ್ಟುಕೊಡಲಿಲ್ಲ ಎಂಬ ಸಿಟ್ಟು, ಎಲ್ಲ ಅದರಲ್ಲಿತ್ತು. ಅದನ್ನು ಎರಡು ಪುಟಕ್ಕೆ ಇಳಿಸಿದೆ.

ಮುಖಪುಟದ್ದು ಬೇರೆಯೇ ಪಂಚಾಯಿತಿ. ಮಗಳು ಶೀರ್ಷಿಕೆಯ ಅಕ್ಷರಗಳನ್ನು ಚಿತ್ರದ ಹಾಗೆ ನೋಡಿ ನೋಡಿ ಬರೆದಳು. ಅವಳ ಕೈ ದೇವನಾಗರಿಯಲ್ಲಿ ಪಳಗಿದ್ದು. ಗೊತ್ತಿಲ್ಲದೆಯೋ ಬೇಕೆಂದೋ, ಎಲ್ಲ ತಲೆಕಟ್ಟುಗಳನ್ನೂ ಸೇರಿಸಿ ಮೇಲೊಂದು ಉದ್ದನೆಯ ಗೆರೆ ಬಂದುಬಿಟ್ಟಿತು. ಹಗ್ಗಕ್ಕೆ ಒಣಹಾಕಿದ ಬಟ್ಟೆಯ ಹಾಗೆ ಕನ್ನಡ ಅಕ್ಷರ ಜೋತಾಡುತ್ತಿದ್ದವು. ಪ್ರೆಸ್ಸಿನವರು ಕೇಳಿದರು, "ಇದು ಮರಾಠಿ ಪುಸ್ತಕ ಅಂತ ತಿಳ್ಕೊಳ್ಳಂಗಿಲ್ಲೇನ್ರಿ ಮಂದಿ?" ಇರಲಿ ಬಿಡಿ ಅಂದೆ. ಡೊಂಬಿವಲಿಯಲ್ಲಿ ಹುಟ್ಟಿದ ಕನ್ನಡ ಪುಸ್ತಕಕ್ಕೆ ಅಷ್ಟು ಗುರುತು ಇದ್ದರೆ ತಪ್ಪೇನು. ಅಷ್ಟು ದಿನ ಆ ಅಕ್ಷರಗಳ ಜೊತೆ ಏಗಿದ್ದರಿಂದ ಆ ಐದು ಅಕ್ಷರವನ್ನು ಅವಳು ಈಗ ಎಲ್ಲಿ ಕಂಡರೂ ಗುರುತು ಹಿಡಿಯುತ್ತಾಳೆ. ಬಸ್ಸಿನ ಬೋರ್ಡಿನಲ್ಲಿ ಒಂದು ಕಂಡರೂ, "ಅವ್ವಾ, ನಿನ್ನ ಕಾದಂಬರಿದು" ಅನ್ನುತ್ತಾಳೆ.

ಪ್ರಕಾಶಕಿ ಆಗುವುದು ಮಾತ್ರ ನಾನೆಣಿಸಿದ್ದಕ್ಕಿಂತ ಸರಳ. ಐಎಸ್‌ಬಿಎನ್ ಕೊಡುವವರು ದಿಲ್ಲಿಯಲ್ಲಿರುವ ರಾಜಾ ರಾಮಮೋಹನ ರಾಯ್ ಸಂಸ್ಥೆಯವರು. ಲೇಖಕರೇ ಪ್ರಕಾಶಕರಾದರೂ ಕೊಡುತ್ತಾರೆ, ಒಂದು ಪೈಸೆ ಇಲ್ಲ. ಆಗ ಅಂಚೆಯಲ್ಲಿ ಅರ್ಜಿ ಕಳಿಸಬೇಕಿತ್ತು, ಈಗ ಎಲ್ಲ ಆನ್‌ಲೈನು. ಇನ್ನೊಂದು ಕಾಯಿದೆ ಇದೆ, 1954ರದ್ದು. ಪುಸ್ತಕ ಹೊರಬಂದ ಮೂವತ್ತು ದಿನದೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಮತ್ತು ಚೆನ್ನೈ, ಮುಂಬಯಿ, ದಿಲ್ಲಿಯ ಒಂದೊಂದು ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಕಳಿಸಬೇಕು. ಬಹಳಷ್ಟು ಜನ ಕಳಿಸುವುದಿಲ್ಲ. ನಾನು ಬ್ಯಾಂಕಿನವಳು, ನಿಯಮ ಅಂದರೆ ಕೈ ತಾನಾಗಿ ಸಹಿ ಮಾಡುತ್ತದೆ. ಮೂರು ಪ್ರತಿ ಅಂಚೆಗೆ ಹಾಕಿ, ಮುಂಬಯಿಯದನ್ನು ಊಟದ ಬಿಡುವಿನಲ್ಲಿ ನಾನೇ ಒಯ್ದೆ. ಫೋರ್ಟಿನ ಟೌನ್ ಹಾಲ್, ಬಿಳಿ ಕಂಬಗಳ ಏಷಿಯಾಟಿಕ್ ಸೊಸೈಟಿ ಕಟ್ಟಡ. ಅಲ್ಲಿಯ ಮೂವತ್ತು ಮೆಟ್ಟಿಲ ಮೇಲೆ ಜೋಡಿ ಜೋಡಿಯಾಗಿ ಕೂತ ಹುಡುಗ-ಹುಡುಗಿಯರ ನಡುವೆ ಸೀರೆ ಎತ್ತಿ ಹಿಡಿದು ಹತ್ತಿದೆ. ಒಳಗಿದ್ದವರು ಪುಸ್ತಕ ತಿರುವಿ ನೋಡಿ, ಯಾವ ಭಾಷೆ ಅಂತ ಕೇಳಿ, ಬರೆದುಕೊಂಡು ರಸೀದಿ ಕೊಟ್ಟರು. ನನ್ನ ಪುಸ್ತಕಕ್ಕೆ ಬಿಡುಗಡೆ ಸಮಾರಂಭ ಅಂತ ಆದದ್ದು ಅದೊಂದೇ.

ಸಾವಿರ ಪ್ರತಿ, ಬೆಲೆ 150 ರೂಪಾಯಿ. ಎಲ್ಲ ಸೇರಿ 52 ಸಾವಿರ ಖರ್ಚು. ಪುಸ್ತಕ ಬಂದದ್ದು 2009ರ ಜೂನಿನಲ್ಲಿ, ಅದೇ ಮಳೆ ಶುರುವಾದಾಗ. ಲಾರಿಯವರು ಭಿವಂಡಿಯ ಗೋಡೌನಿನಲ್ಲಿ ಇಳಿಸಿದ್ದನ್ನು ನಮ್ಮವರು ಟೆಂಪೋ ಮಾಡಿ ತಂದರು. ನಮ್ಮದು ಆಗ ನೆಲಮಾಳಿಗೆಯಲ್ಲ, ನೆಲಮಟ್ಟದ ಮನೆ. 2005ರ ಜುಲೈ 26ರ ಮಳೆಯಲ್ಲಿ ಮೊಣಕಾಲ ತನಕ ನೀರು ಹೊಕ್ಕಿದ್ದ ಮನೆ. ಆದ್ದರಿಂದ ಡಬ್ಬಿಗಳನ್ನು ಕೆಳಗೆ ಇಡುವ ಮಾತೇ ಇಲ್ಲ. ಅಡಿಗೆಮನೆಯ ಅಟ್ಟ ತುಂಬಿತು, ಕಪಾಟಿನ ತಲೆ ತುಂಬಿತು, ಮಿಕ್ಕದ್ದು ಮಂಚದ ಮೇಲೆ. ಆ ಮಳೆಗಾಲ ಕಾದಂಬರಿ ಗಾದಿಯ ಮೇಲೆ ಮಲಗಿತು, ನಾವಿಬ್ಬರು ಚಾಪೆಯ ಮೇಲೆ. "ಲಗ್ನಾದಾಗೂ ಇಷ್ಟು ಸೇವಾ ಮಾಡಿರಲಿಲ್ಲ ನಾನು" ಅಂತ ನಮ್ಮವರು ಬಂದವರ ಮುಂದೆಲ್ಲ ಹೇಳಿದರು.

ಮಾರುವುದು ಶುರುವಾದದ್ದು ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ. ಕ್ಲಿಪ್ಪು, ಟಿಕ್ಕಿ, ಸೋಸಿದ ಸೊಪ್ಪು ಮಾರುವ ಕಡೆ ಕಾದಂಬರಿ ಮಾರಿದರೇನಂತೆ. ನಮ್ಮ ಡಬ್ಬಿಯಲ್ಲಿ ಕನ್ನಡ ಬಲ್ಲವರು ಏಳೆಂಟು ಮಂದಿ, ಎಲ್ಲ ಕರಾವಳಿಯವರು. ಮನೆಯಲ್ಲಿ ತುಳುವೋ ಕೊಂಕಣಿಯೋ, ಕನ್ನಡ ಅಂದರೆ ಶಾಲೆಯಲ್ಲಿ ಕಲಿತ ಅಚ್ಚುಕಟ್ಟಿನ ಪುಸ್ತಕದ ಕನ್ನಡ. ಕಾರ್ಕಳದ ಒಬ್ಬ ಶಿಕ್ಷಕಿ ಎರಡು ಪುಟ ನೋಡಿ ಹಿಂದಕ್ಕೆ ಕೊಟ್ಟರು. "ನಿಮ್ಮ ಕನ್ನಡ ನಮಗೆ ಅರ್ಥ ಆಗುದಿಲ್ಲ ಮಾರಾಯ್ರೆ." ಬೆಂಗಳೂರಿನವರು ಹೇಳಿದ್ದು ಸರಿಯೇ ಇತ್ತೇನೋ ಅಂತ ಆ ದಿನ ಕಚೇರಿಯಲ್ಲಿ ಲೆಡ್ಜರಿನ ಮೇಲೆ ಕಣ್ಣಿತ್ತು, ಮನಸ್ಸಿರಲಿಲ್ಲ. ದುಡ್ಡು ಹೋದರೆ ಹೋಗಲಿ. ಒಂದೇ ಡಬ್ಬಿಯಲ್ಲಿ ಹನ್ನೆರಡು ವರ್ಷ ಜೊತೆಗೆ ಓಡಾಡಿದವರಿಗೂ ಮುಟ್ಟದ ಮಾತಿನಲ್ಲಿ ಬರೆದು ನಾನು ಯಾರ ಜೊತೆ ಮಾತಾಡುತ್ತಿದ್ದೇನೆ?

ಸಂಕೋಚಕ್ಕೋ ಏನೋ ಅವರು ಮಾರನೆಯ ದಿನ ಒಂದು ಪ್ರತಿ ಕೊಂಡರು. ಹದಿನೈದು ದಿನದ ಮೇಲೆ ರಾತ್ರಿ ಫೋನು. "ಕಣ್ಣಲ್ಲಿ ಓದಿದ್ರೆ ಆಗುದಿಲ್ಲ ಆಯ್ತಾ, ಬಾಯಿಬಿಟ್ಟು ಓದಿದ್ರೆ ಎಲ್ಲ ಅರ್ಥ ಆಗ್ತದೆ. ನಾನು ಓದುದು, ನಮ್ಮ ಅತ್ತೆ ಕೇಳುದು. ನಿಮ್ಮ ಅಜ್ಜ ಮಾಡಿದ್ದು ಸರಿಯಲ್ಲ ಅಂತ ಅತ್ತೆ ಹೇಳ್ತಾರೆ. ಹೆಂಡತಿಗೆ ಹೇಳ್ಬೇಕಿತ್ತು." ಅವರೇ ಆಮೇಲೆ ನಮ್ಮ ಡಬ್ಬಿಯ ಏಜೆಂಟರಾದರು. ಬಾಯಿಬಿಟ್ಟು ಓದಿ ಅಂತ ಹೇಳಿಯೇ ಪುಸ್ತಕ ಕೊಡುತ್ತಿದ್ದರು. ಮಾಟುಂಗದ ಮೈಸೂರು ಅಸೋಸಿಯೇಷನ್‌ಗೆ, ಮಾಹೀಮಿನ ಕರ್ನಾಟಕ ಸಂಘಕ್ಕೆ ಕಾರ್ಯಕ್ರಮ ಇದ್ದಾಗ ಚೀಲದಲ್ಲಿ ಹತ್ತು ಪ್ರತಿ ಹಾಕಿಕೊಂಡು ಹೋಗುತ್ತಿದ್ದೆ. ಮುಂಬಯಿಯೊಂದರಲ್ಲೇ ಕೈಯಿಂದ ಕೈಗೆ 318 ಪ್ರತಿ ಹೋದವು.

ಕರ್ನಾಟಕದ ಅಂಗಡಿಗಳಿಗೆ ನೂರೈವತ್ತು ಪ್ರತಿ ಕೊಟ್ಟಿದ್ದೆ, ನೂರಕ್ಕೆ ನಲವತ್ತು ಕಮಿಷನ್ನಿನ ಮೇಲೆ. ಐವತ್ತೆಂಟು ಪ್ರತಿಯ ದುಡ್ಡು ಬಂತು. ಉಳಿದವು ಮಾರಿದವೋ ಗೆದ್ದಲು ತಿಂದವೋ ಗೊತ್ತಿಲ್ಲ. ಒಂದು ಅಂಗಡಿಯವರಂತೂ ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ "ಅವರು ಊರಲ್ಲಿಲ್ಲ" ಅನ್ನುತ್ತಿದ್ದರು, ಅವರದೇ ದನಿಯಲ್ಲಿ. ಸಾವಿರ ಕಿಲೋಮೀಟರ್ ದೂರದಿಂದ ವಸೂಲಿ ಮಾಡುವ ವಿದ್ಯೆ ಬ್ಯಾಂಕಿನವರಿಗೂ ಗೊತ್ತಿಲ್ಲ. ಗ್ರಂಥಾಲಯದ ಸಗಟು ಖರೀದಿಯ ಕಥೆ ಬೇರೆಯೇ ಪ್ರಬಂಧಕ್ಕಾಗುತ್ತದೆ, ಇಲ್ಲಿ ಬೇಡ.

2010ರ ಫೆಬ್ರವರಿಯಲ್ಲಿ ಗದಗಿನಲ್ಲಿ 76ನೆಯ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಗೀತಾ ನಾಗಭೂಷಣ ಅವರೇ. ಪರಿಚಯದವರ ಮಳಿಗೆಯಲ್ಲಿ ಒಂದು ಮೂಲೆ ಸಿಕ್ಕಿತು. ಅಲ್ಲಿ ಭಾಷೆ ಅರ್ಥವಾಗುವುದಿಲ್ಲ ಅಂದವರು ಒಬ್ಬರೂ ಇಲ್ಲ. ಧೋತರ ಉಟ್ಟ ಹಿರಿಯರು ನಿಂತಲ್ಲೇ ಎರಡು ಪುಟ ಓದಿ, "ಯಾರದವ್ವಾ ಇದು, ನಿಂದ? ಎಲ್ಲಿದ್ದಿ ನೀನು?" ಅಂತ ಕೇಳುವರು. ಮುಂಬಯಿ ಅಂದರೆ ನಂಬುತ್ತಿರಲಿಲ್ಲ. ಮೂರು ದಿನಕ್ಕೆ 71 ಪ್ರತಿ ಹೋದವು. ಹಾಕಿದ ದುಡ್ಡು 2012ರ ಹೊತ್ತಿಗೆ ಬಂತು. ಬಡ್ಡಿ ಬರಲಿಲ್ಲ, ಅದನ್ನೂ ಹೇಳಬೇಕು.

ನಮ್ಮ ಹಾವೇರಿಯಲ್ಲೇ ಸಮ್ಮೇಳನ ಆದದ್ದು 2023ರ ಜನವರಿಯಲ್ಲಿ, 86ನೆಯದು. ನಾನು ಅಷ್ಟೊತ್ತಿಗೆ ನಿವೃತ್ತಳಾಗಿದ್ದೆ. ಉಳಿದಿದ್ದ ಅರವತ್ತು ಪ್ರತಿ ಕಟ್ಟಿಕೊಂಡು ಹೋದೆ. ಒಬ್ಬಳು ಕಾಲೇಜು ಹುಡುಗಿ, ಊರು ಹಾವೇರಿಯೇ, ಪುಸ್ತಕ ತೆರೆದು ನಿಂತವಳು ಹನ್ನೊಂದನೆಯ ಪುಟಕ್ಕೆ ಬಂದು ಕೇಳಿದಳು, "ಆಂಟಿ, ಹಗೇವು ಅಂದ್ರ ಏನ್ರಿ?" ನಾನು ಬಾಯಿ ತೆರೆಯುವ ಮೊದಲೇ ಹಿಂದಿದ್ದ ಅಜ್ಜ ಒಬ್ಬರು ಹೇಳಲು ಶುರು ಮಾಡಿದರು. ಬಾಯಿ ಎಷ್ಟು ಅಗಲ, ಒಳಗೆ ಎಷ್ಟು ಚೀಲ, ದೀಪ ಹೇಗೆ ಬಿಡುವುದು, ಕೈಯಿಂದ ಅಳೆದು ತೋರಿಸಿದರು. ಹುಡುಗಿ, "ಈಗ ಐತೇನ್ರಿ ನಿಮ್ಮನ್ಯಾಗ?" ಅಂದಳು. "ಎಲ್ಲಿದು ತಂಗಿ. ಮುಚ್ಚಿ ಮ್ಯಾಲೆ ಬಚ್ಚಲಮನಿ ಕಟ್ಟೀವಿ" ಅಂದರು. ಅವಳು ಪುಸ್ತಕ ಕೊಂಡಳು. ಅಜ್ಜ ಕೊಳ್ಳಲಿಲ್ಲ, ನನಗ ಎಲ್ಲಾ ಗೊತ್ತೈತಿ ಅಂತ ಹೋದರು.

ಈಗ ಮನೆಯಲ್ಲಿ ಉಳಿದದ್ದು ನಾಲ್ಕು ಪ್ರತಿ. ಎರಡನೆಯ ಮುದ್ರಣಕ್ಕೆ ಕೂತಿದ್ದೇನೆ. ಹುಬ್ಬಳ್ಳಿಯ ಮಾಲೀಕರು ತೀರಿಕೊಂಡರು, ಮಗ ಫ್ಲೆಕ್ಸ್ ಬೋರ್ಡಿನ ಕೆಲಸ ಮಾಡುತ್ತಾನೆ. ಅವನು ಹುಡುಕಿ ಕೊಟ್ಟ ಸಿಡಿ ಹಾಕಲು ಮನೆಯ ಯಾವ ಕಂಪ್ಯೂಟರಿಗೂ ಬಾಯಿಲ್ಲ. ಕಲ್ಯಾಣದ ಒಂದು ಅಂಗಡಿಯಲ್ಲಿ ತೆಗೆಸಿ, ಯೂನಿಕೋಡಿಗೆ ಪರಿವರ್ತಿಸಿದರೆ ಅರ್ಕಾವತ್ತು ಮತ್ತೆ ಮಾಯ. ಹಾಗಾಗಿ ಮತ್ತೆ ಕರಡು. ಸಿಂದಗಿಯಾಕೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಿಗೆ ಹೋಗಿ ಏಳು ವರ್ಷವಾಯಿತು. ರವಿವಾರ ಮಧ್ಯಾಹ್ನ ಫೋನು ಹಚ್ಚಿ ಒಂದೊಂದು ಪ್ರಕರಣ ಓದುತ್ತೇನೆ. ಅತ್ತ ಕಡೆ ಕೋಳಿ ಕೂಗುತ್ತಿರುತ್ತದೆ, ಮೊಮ್ಮಗ ಅಳುತ್ತಿರುತ್ತಾನೆ, ಆದರೂ "ಹಾಂ" ಬರುವಲ್ಲಿ ಬರುತ್ತದೆ. ಉಳಿಸಿಕೊಂಡ ಆ ಕಿಟಕಿ ಬಂದಾಗ ಆಕೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮುಂದ ಓದ್ರಿ" ಅಂದಳು.

ಈಗಿನ ಮುದ್ರಣದಲ್ಲಿ ಬೇಕಾದಷ್ಟೇ ಪ್ರತಿ ತೆಗೆಯಬಹುದು, ಐವತ್ತಾದರೂ ಸರಿ. ಫಾರಮ್ಮಿನ ಕಟ್ಟುನಿಟ್ಟೂ ಇಲ್ಲ. ಅಂದರೆ ಆಗ ತೆಗೆದ ಆ ಮೂರು ಪುಟ ಈಗ ಹಾಕಬಹುದು. ಹಳೆಯ ಫೈಲಿನಿಂದ ಹುಡುಕಿ ತೆಗೆದು ಓದಿ ನೋಡಿದೆ. ಹಾಕುವುದಿಲ್ಲ ಅಂತ ಮಾಡಿದ್ದೇನೆ.